ಬೆರಳು ಹೋದ ಮೇಲೆ ಛಾಪಾ ಕಾಗದ

ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಹೆಗ್ಗನಹಳ್ಳಿ ಮುಖ್ಯರಸ್ತೆಯ ಯಾವುದಾದರೂ ಟೀ ಅಂಗಡಿ ಮುಂದೆ ನಿಂತು ನೋಡಿ. ಗ್ಲಾಸು ಹಿಡಿದ ಕೈಗಳಲ್ಲಿ ಬೆರಳು ಎಣಿಸಿದರೆ ಲೆಕ್ಕ ತಪ್ಪುತ್ತದೆ. "ಏನಪ್ಪಾ ಇದು?" ಅಂದರೆ "ಪ್ರೆಸ್ಸಲ್ಲಿ ಹೋಯ್ತು ಸಾರ್" ಅಂತಾರೆ, ಛತ್ರಿ ಕಳೆದುಕೊಂಡವರ ಹಾಗೆ.

ಮುಂದಿನ ಕಥೆ ಪೀಣ್ಯದಿಂದ ಸುಂಕದಕಟ್ಟೆಯವರೆಗೆ ಎಲ್ಲ ಶೆಡ್ಡಿನಲ್ಲೂ ಒಂದೇ. ರಕ್ತ ಸೋರುವ ಕೈಗೆ ಬನಿಯನ್ ಬಟ್ಟೆ ಸುತ್ತಿ, ಮಾಲೀಕರು ತಮ್ಮ ಗಾಡಿಯಲ್ಲೇ ಪರಿಚಯದ ನರ್ಸಿಂಗ್ ಹೋಮಿಗೆ ಕರಕೊಂಡು ಹೋಗುತ್ತಾರೆ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ದೂರವೇನಲ್ಲ. ಆದರೆ ಅಲ್ಲಿಗೆ ಹೋದರೆ ದಾಖಲೆ ಆಗುತ್ತದಲ್ಲ! ಬಿಲ್ಲು ಮಾಲೀಕರೇ ಕಟ್ಟುತ್ತಾರೆ. ಎಂಟನೇ ದಿನ "ನೀನು ನಮ್ಮನೆ ಹುಡುಗ ಇದ್ದ ಹಾಗೆ ಕಣೋ, ಕೋರ್ಟು ಕಚೇರಿ ಯಾಕೆ?" ಎಂದು ಹತ್ತೋ ಇಪ್ಪತ್ತೋ ಸಾವಿರ ಕೈಗಿಟ್ಟು, ಛಾಪಾ ಕಾಗದದ ಮೇಲೆ ರುಜು ಹಾಕಿಸುತ್ತಾರೆ. ಇನ್ನೇನೂ ಕೇಳುವುದಿಲ್ಲ ಅಂತ.

ಆ ಕಾಗದಕ್ಕೆ ಬೆಲೆ ಇಲ್ಲ ಸ್ವಾಮಿ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಎಂಬ ಒಪ್ಪಂದ ಊರ್ಜಿತವಲ್ಲ ಎಂದು 1923ರ ಕಾಯಿದೆಯಲ್ಲೇ ಬರೆದಿತ್ತು. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಹೇಳುತ್ತದೆ. ಸಂಗತಿ ಮಾಲೀಕರ ಆಡಿಟರಿಗೆ ಗೊತ್ತು, ರುಜು ಹಾಕಿದವನಿಗೆ ಗೊತ್ತಿಲ್ಲ. ವ್ಯಾಪಾರ ನಡೆಯುವುದೇ ಈ ವ್ಯತ್ಯಾಸದ ಮೇಲೆ.

ಒಂದು ಲೆಕ್ಕ ಹಾಕೋಣ. ಐದಾರು ಜನರ ಸಣ್ಣ ಶೆಡ್ಡು, ಇ.ಎಸ್.ಐ. ಇಲ್ಲ. ಆಪರೇಟರಿಗೆ 30 ವರ್ಷ, ತಿಂಗಳಿಗೆ 15,000 ಸಂಬಳ, ಒಂದು ಕೈಯ ಎರಡು ಬೆರಳು ಹೋದವು. ಸಂಬಳದ ಶೇಕಡ 60 ಅಂದರೆ 9,000. ಆ ವಯಸ್ಸಿಗೆ ಕಾನೂನು ಗೊತ್ತು ಮಾಡಿದ ಗುಣಕ 207.98. ಎರಡನ್ನೂ ಗುಣಿಸಿ, ಎರಡು ಬೆರಳಿಗೆ ಶೇಕಡ 20 ಹಿಡಿದರೆ 3,74,364 ರೂಪಾಯಿ! ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡ 12 ಬಡ್ಡಿ, ಮೇಲೆ ದಂಡವೂ ಬೀಳಬಹುದು. ಇಪ್ಪತ್ತು ಸಾವಿರ ಎಲ್ಲಿ, ಇದೆಲ್ಲಿ?

ಹತ್ತು ಜನ ದುಡಿಯುವ ಕಾರ್ಖಾನೆಯಾದರೆ ಇ.ಎಸ್.ಐ. ಕಡ್ಡಾಯ. ಮಾಲೀಕನ ಪಾಲು 2019ರ ಜುಲೈಯಿಂದ ಶೇಕಡ 3.25. ಹದಿನೈದು ಸಾವಿರ ಸಂಬಳಕ್ಕೆ 487 ರೂಪಾಯಿ 50 ಪೈಸೆ. ಇದನ್ನು ಉಳಿಸಲು ಹದಿನೈದು ಜನರನ್ನು ಪುಸ್ತಕದಲ್ಲಿ ಎಂಟು ಮಾಡುವ ಜಾಣತನ ನಮ್ಮಲ್ಲಿದೆ. ಇ.ಎಸ್.ಐ.ನಲ್ಲಿ ಕೈ ವಾಸಿಯಾಗುವ ತನಕ ಸಂಬಳದ ಶೇಕಡ 90, ಅಂಗ ಊನವಾದರೆ ಅದರ ಪ್ರಮಾಣಕ್ಕೆ ತಕ್ಕಂತೆ ಜೀವಮಾನವಿಡೀ ಮಾಸಾಶನ. ಮಾಲೀಕ ವಂತಿಗೆ ಕಟ್ಟಿಲ್ಲ ಅಂದಮಾತ್ರಕ್ಕೆ ಕಾರ್ಮಿಕನ ಹಕ್ಕು ಹೋಗುವುದಿಲ್ಲ. ನಿಗಮ ಮಾಲೀಕನಿಂದ ವಸೂಲು ಮಾಡಿಕೊಳ್ಳುತ್ತದೆ.

"ಅವನದೇ ತಪ್ಪು, ನೋಡಿಕೊಂಡು ಕೈ ಹಾಕಬೇಕಿತ್ತು" ಎಂಬ ಮಾತೂ ಕೇಳಿ ಬರುತ್ತದೆ. ಬರೀ ಅಜಾಗರೂಕತೆ ಎಂದು ಪರಿಹಾರ ತಪ್ಪಿಸುವಂತಿಲ್ಲ. ಕುಡಿದಿದ್ದರೆ, ಬೇಕೆಂದೇ ಗಾರ್ಡ್ ಕಿತ್ತಿದ್ದರೆ ಮಾತು ಬೇರೆ. ಆದರೆ ಉತ್ಪಾದನೆ ಹೆಚ್ಚಲಿ ಅಂತ ಆ ಗಾರ್ಡ್ ಬಿಚ್ಚಿಸಿದವರು ಯಾರು, ಅದನ್ನೂ ಕೇಳಬೇಕಲ್ಲವೇ?

ಎಲ್ಲ ಮಾಲೀಕರೂ ಕಟುಕರು ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಬಹಳ ಮಂದಿ ತಾವೇ ಲೇತ್ ತಿರುಗಿಸಿ ಮೇಲೆ ಬಂದವರು, ದೊಡ್ಡ ಕಂಪನಿಯ ಬಿಲ್ಲು ಮೂರು ತಿಂಗಳಾದರೂ ಬರದೆ ಒದ್ದಾಡುವವರು. ಅಂಥವರಿಗೂ ವಿಮೆ ಎಂಬ ದಾರಿ ಇದೆ. ಹುಡುಗನ ಬೆರಳಿನಲ್ಲಿ ಉಳಿತಾಯ ಮಾಡಬೇಕಿಲ್ಲ.

ಇನ್ನೊಂದು ಸಂಗತಿ. ಒಡಿಶಾದ ಬಡಗಿಯೊಬ್ಬ ಸಿನಿಮಾ ಮಂದಿರದ ಕೆಲಸದಲ್ಲಿ ಬಿದ್ದು ಎಡಗೈ ಕಳಕೊಂಡ. ಒಂದು ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ಇದು ಪೂರ್ಣ ಅಂಗವಿಕಲತೆಯೇ ಎಂದು ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ ಹೇಳಿತು. ನಮ್ಮ ಆಪರೇಟರುಗಳೂ ಪಟ್ಟಿಯ ಶೇಕಡಾ ಮಾತ್ರ ನೋಡದೆ, ತಮ್ಮ ಕಸುಬೇ ಹೋಯಿತೇ ಎಂಬುದನ್ನು ಅರ್ಜಿಯಲ್ಲಿ ಬರೆಯಬೇಕು. ಅರ್ಜಿಗೆ ಎರಡು ವರ್ಷದ ಗಡುವು ಇದೆ. ರುಜು ಹಾಕಿ ಸುಮ್ಮನಾದವರೂ ತಾರೀಖು ಎಣಿಸಿಕೊಳ್ಳಲಿ.

ಕೇಳಲು ಹೋಗುವುದೆಲ್ಲಿಗೆ? ಕಾರ್ಮಿಕ ಭವನ ಇರುವುದು ಬನ್ನೇರುಘಟ್ಟ ರಸ್ತೆಯಲ್ಲಿ. ಹೆಗ್ಗನಹಳ್ಳಿಯಿಂದ ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು ಹೋಗಬೇಕು, ಅದೂ ಬ್ಯಾಂಡೇಜ್ ಕೈಯಲ್ಲಿ. ಇಲಾಖೆಯ ಸಾಹೇಬರು ತಿಂಗಳಿಗೆ ಒಂದು ಭಾನುವಾರ ಹೆಗ್ಗನಹಳ್ಳಿ ಕ್ರಾಸಿನಲ್ಲಿ ಮೇಜು ಹಾಕಿ ಕೂತು ಅರ್ಜಿ ತಗೊಳ್ಳಲಿ. ಶಾಮಿಯಾನದ ಖರ್ಚನ್ನು ಊರಿನವರೇ ನೋಡಿಕೊಂಡಾರು.