ಕೇರಿಯ ಹೆಸರಿಲ್ಲದ ನಕಾಶೆ

ಊರ ನಕಾಶೆಯಲ್ಲಿ ಕೇರಿಗಳ ಹೆಸರೇಕೆ, ಒಂದೊಂದು ಸಂಖ್ಯೆಯಿದ್ದರೆ ಸಾಲದೇ ಎಂದು ಕೇಳುವ ಬುದ್ಧಿವಂತರು ನಮ್ಮಲ್ಲಿ ಹೆಚ್ಚುತ್ತಿರುವರು. ಅಂಥವರು ಒಮ್ಮೆ ಸೀತಾನದಿಯ ದಡದ ಬಾರಕೂರನ್ನು ನೋಡಿ ಬರಲಿ.

ಬಾರಕೂರು ಇಂದು ಉಡುಪಿ ಜಿಲ್ಲೆಯ ಒಂದು ಹಳ್ಳಿ. ಒಂದು ಕಾಲಕ್ಕೆ ಅದು ಆಳುಪರ ರಾಜಧಾನಿಯೂ, ವಿಜಯನಗರದರಸರ ಬಾರಕೂರು ರಾಜ್ಯದ ಮುಖ್ಯ ಪಟ್ಟಣವೂ ಆಗಿದ್ದಿತು. ಅರಮನೆಯು ಅಳಿಯಿತು, ಕೋಟೆಯು ಮಣ್ಣುಗೂಡಿತು. ಉಳಿದವು ಕೇರಿಯ ಹೆಸರುಗಳು. ಪಂಚಲಿಂಗೇಶ್ವರನ ಗುಡಿಯಿರುವದು ಕೋಟೆಕೇರಿಯಲ್ಲಿ, ಸೋಮನಾಥೇಶ್ವರನದು ಮೂಡುಕೇರಿಯಲ್ಲಿ. ಮಣಿಗಾರಕೇರಿಯ ಹೆಸರನ್ನು ಶಿಲಾಶಾಸನಗಳೇ ಹೇಳುತ್ತವೆ. ಕೋಟೆಯೆಲ್ಲಿತ್ತು, ಪಟ್ಟಣದ ಮೂಡಲ ಭಾಗವಾವುದು ಎಂದು ಕೇಳಿದರೆ ಈ ಹೆಸರುಗಳೇ ಉತ್ತರ ಕೊಡುವವು. ಸಂಖ್ಯೆಯು ಏನನ್ನು ಹೇಳೀತು?

ಪರರು ಕಿವಿಗೆ ಬಿದ್ದಂತೆ ಬರೆದರೆ ಏನಾಗುವದೆಂಬುದಕ್ಕೂ ಬಾರಕೂರೇ ಸಾಕ್ಷಿ. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನಿಗೆ ಅದು ‘ಫಾಕನೂರು’; ಪೋರ್ಚುಗೀಜರಿಗೆ ‘ಬಾಕನೂರು’. ಅವರು ದೂರದೇಶದವರು, ಅವರನ್ನು ದೂರಲಾರೆವು. ಆದರೆ ನಮ್ಮ ಕೇರಿಗಳನ್ನು ನಾವೇ ರೋಮನ್ ಲಿಪಿಯಲ್ಲಿ ಮಾತ್ರ ಬರೆದಿಡುವದಕ್ಕೆ ಯಾವ ನೆಪವುಂಟು? ಆ ಲಿಪಿಯಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ. ಎಕಾರ ಏಕಾರಗಳಿಗೂ ಭೇದವಿಲ್ಲ. ಕೊನೆಯ ಒಂದಕ್ಷರ ತಪ್ಪಿದರೆ ಕೇರಿಯು ಕೆರೆಯಾಗುವದು. ಜನರು ಬಾಳುವ ಬೀದಿಯು ನಕಾಶೆಯ ಮೇಲೆ ನೀರಿನಲ್ಲಿ ಮುಳುಗುವದು!

ಇದು ಬರಿಯ ಅಭಿಮಾನದ ಮಾತಲ್ಲ. ಹಳೆಯ ಕ್ರಯಪತ್ರಗಳ ಚಕ್ಕುಬಂದಿಯಲ್ಲಿ ಕೇರಿ, ಓಣಿ, ಗುಡಿಗಳ ಹೆಸರುಗಳು ಬರುವದನ್ನು ವಕೀಲಿ ವೃತ್ತಿಯಲ್ಲಿರುವ ನಾವು ಕಾಣುತ್ತಲೇ ಇರುವೆವು. ಹೆಸರು ಮರೆತರೆ ಪತ್ರವು ಮೂಕವಾಗುವದು. ಆಗ ಗೆಲ್ಲುವವನು ಬಲಿಷ್ಠನು, ಸೋಲುವವನು ಬಡವನು. ಕೇಂದ್ರ ಸರಕಾರವು 2020ರ ಏಪ್ರಿಲ್ 24ರಂದು ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಸತಿ ಭಾಗವನ್ನು ಡ್ರೋನಿನಿಂದ ಅಳೆಯುವ ಏರ್ಪಾಡಿದೆ. ಒಳ್ಳೆಯದೇ. ಆದರೆ ಡ್ರೋನು ಮನೆಯ ಮಾಡನ್ನು ಕಾಣುವದು; ಮಾಡಿನ ಕೆಳಗೆ ಹಿರಿಯರಾಡುವ ಹೆಸರನ್ನು ಕೇಳದು.

ಆದುದರಿಂದ ಕರಾವಳಿಯ ಇಂಥ ಪ್ರತಿಯೊಂದು ಹಳ್ಳಿಯಲ್ಲಿಯೂ ಗ್ರಾಮ ಪಂಚಾಯತಿಯು ಕೇರಿಕೇರಿಗೆ ಜನರನ್ನು ಕಳುಹಿಸಲಿ. ಹಿರಿಯರ ಬಾಯಿಂದಲೇ ಹೆಸರು ಕೇಳಿ ಕನ್ನಡ ಲಿಪಿಯಲ್ಲಿ ಬರೆಯಿಸಲಿ. ಹೆಸರು ತುಳುವಿನದಾಗಲಿ, ಕೊಂಕಣಿಯದಾಗಲಿ, ತಿದ್ದದೆ ಇದ್ದಂತೆಯೇ ಇಡಲಿ. ಎರಡು ಹೆಸರಿದ್ದರೆ ಎರಡನ್ನೂ ಬರೆಯಲಿ. ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆ ಪಡೆದ ಮೇಲೆಯೇ ನಕಾಶೆಗೆ ಕೊಡಲಿ.

1956ರ ನವೆಂಬರ 1ರಂದು ಈ ಕರಾವಳಿಯು ಮದ್ರಾಸಿನಿಂದ ಬಿಡಿಸಿಕೊಂಡು ಕನ್ನಡನಾಡನ್ನು ಕೂಡಿತು. ನಾಡನ್ನು ಕೂಡಿಸಿಕೊಂಡ ಕನ್ನಡಿಗರೇ, ಕೇರಿಯನ್ನು ಕಳೆದುಕೊಳ್ಳುವಿರಾ?