ಶೀಸೆಯ ಮೇಲಿನ ಮೈಸೂರು, ಮೈಮೇಲಿನ ಶ್ರೀಗಂಧ

ಅಂಗಡಿಯವನು ಕೊಡುವ ಬಿಳಿ ಕಾಗದದ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು, ಎರಡು ಸಲ ಮೂಸಿ, "ಆಹಾ!" ಎಂದು ಸೆಂಟು ಕೊಳ್ಳುವವರ ಬಗ್ಗೆ ನನಗೊಂದು ತಕರಾರಿದೆ. ಇದು ಉತ್ತರಪತ್ರಿಕೆಯ ಮೊದಲ ಪುಟದ ಅಕ್ಷರ ನೋಡಿಯೇ ಮಾರ್ಕು ಹಾಕಿದ ಹಾಗೆ. ಸುಗಂಧದ ಪರೀಕ್ಷೆ ನಡೆಯುವುದು ಮೈಮೇಲೆ, ಅದೂ ಮೂರು ನಾಲ್ಕು ಗಂಟೆ ಕಳೆದ ಮೇಲೆ. ಅದರಲ್ಲೂ ನಮ್ಮ ಕಾಸರಗೋಡಿನಂಥ ಕರಾವಳಿಯ ಸೆಕೆಯಲ್ಲಿ!

ಒಬ್ಬ ಕನ್ನಡ ಮಾಷ್ಟ್ರಿಗೆ ಸೆಂಟಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯ ಯಾವ ಶಾಲೆಯಲ್ಲಿ ಪಾಠ ಮಾಡಿದವರಿಗೂ ಈ ಉಸಾಬರಿ ತಪ್ಪಿದ್ದಲ್ಲ. ಮನೆಗೊಬ್ಬರಂತೆ ಗಲ್ಫಿನಲ್ಲಿದ್ದಾರೆ. ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಹಾಲಿನ ಪುಡಿ, ಖರ್ಜೂರ, ಟೈಗರ್ ಬಾಮ್ ಜೊತೆ ಸೆಂಟಿನ ಬಾಟಲಿ ಇದ್ದೇ ಇರುತ್ತದೆ. ಮೊದಲೆಲ್ಲ ಒಂದೇ ಬಗೆಯ ಸ್ಪ್ರೇ ಡಬ್ಬಿಗಳು ಬರುತ್ತಿದ್ದವು. ಈಗ 'ನಿಶ್ ಪರ್ಫ್ಯೂಮ್' ಎಂಬ ಹೊಸ ಮಾತು ಕೇಳಿಬರುತ್ತಿದೆ. ಸಿನಿಮಾ ತಾರೆಯರ ಜಾಹೀರಾತಿಲ್ಲದೆ, ಸುಗಂಧ ಮಾತ್ರವೇ ಕಸುಬಾಗಿರುವ ಮನೆತನಗಳು ಮಾಡಿ ಕೆಲವೇ ಅಂಗಡಿಗಳಲ್ಲಿ ಮಾರುವ ದುಬಾರಿ ಪರಿಮಳಗಳಿವು. ಓಮಾನಿನಲ್ಲಿ 1983ರಲ್ಲಿ ಶುರುವಾದ ಅಮುಆಜ್ ಇವುಗಳಲ್ಲೊಂದು. ಪ್ಯಾರಿಸ್ಸಿನ ಡಿಪ್ಟೀಕ್ 1961ರಷ್ಟು ಹಳೆಯದು, ನ್ಯೂಯಾರ್ಕಿನ ಲೆ ಲಾಬೊ 2006ರದ್ದು. (ಲೆ ಲಾಬೊವನ್ನು 2014ರಲ್ಲಿ ಎಸ್ಟೀ ಲಾಡರ್ ಎಂಬ ದೊಡ್ಡ ಕಂಪನಿಯೇ ಕೊಂಡಿತು. ಹಾಗಾಗಿ 'ಸಣ್ಣ ಮನೆತನ' ಎಂಬ ಮಾತನ್ನು ಸ್ವಲ್ಪ ಉಪ್ಪು ಹಾಕಿಯೇ ನುಂಗಬೇಕು.)

ಗಲ್ಫಿನ ಸುಗಂಧದ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ಮೂರು ಪುಟ್ಟ ಸ್ಯಾಂಪಲ್ ಶೀಸೆಗಳನ್ನು ತಂದುಕೊಟ್ಟ. ಒಂದೊಂದರಲ್ಲಿ ಎರಡೆರಡು ಮಿಲಿಲೀಟರ್. ಮೂರೂ ಶ್ರೀಗಂಧದವು. ಅದರಲ್ಲಿ ಒಂದರ ಹೆಸರು 'ಸಾಂತಾಲ್ ದ ಮೈಸೋರ್', ಅಂದರೆ ಮೈಸೂರಿನ ಶ್ರೀಗಂಧ! ಸೆರ್ಜ್ ಲ್ಯುಟೆನ್ಸ್ ಎಂಬ ಫ್ರೆಂಚ್ ಮನೆತನದ್ದು; ಮಾಡಿದವರು ಕ್ರಿಸ್ಟೋಫರ್ ಶೆಲ್ಡ್ರೇಕ್. ಹೈದರ್, ಟಿಪ್ಪುವಿನ ಕಾಲ ಬಿಟ್ಟರೆ ನಾವೆಂದೂ ಮೈಸೂರಿನ ಆಳ್ವಿಕೆಯಲ್ಲಿರಲಿಲ್ಲ. ನಾವು ಮದ್ರಾಸಿನ ದಕ್ಷಿಣ ಕನ್ನಡದಲ್ಲಿದ್ದವರು, 1956ರಿಂದ ಕೇರಳದವರು. ಆದರೂ ಫ್ರಾನ್ಸಿನ ಶೀಸೆಯ ಮೇಲೆ ಆ ಹೆಸರು ಕಂಡಾಗ ಒಳಗೆಲ್ಲೋ ಖುಷಿಯಾಯಿತು ಎಂಬುದು ಸುಳ್ಳಲ್ಲ. ಖುಷಿ ಬೇರೆ, ಪರೀಕ್ಷೆ ಬೇರೆ.

ನನ್ನ ವಿಧಾನ ಸರಳ. ಶನಿವಾರ ಸ್ನಾನ ಮಾಡಿ, ಪೌಡರು ಗಿವಡರು ಯಾವುದನ್ನೂ ಹಚ್ಚದೆ, ಎಡ ಮೊಣಕೈಯ ಒಳಮಡಿಕೆಗೆ ಒಂದು, ಬಲಗೈಗೆ ಇನ್ನೊಂದು. ಎರಡಕ್ಕಿಂತ ಹೆಚ್ಚು ಒಂದೇ ದಿನ ಬೇಡ, ಮೂಗು ಕೆಡುತ್ತದೆ. ಉಜ್ಜಬಾರದು. ಹತ್ತು ನಿಮಿಷಕ್ಕೊಮ್ಮೆ, ಒಂದು ಗಂಟೆಗೊಮ್ಮೆ, ನಾಲ್ಕು ಗಂಟೆಗೊಮ್ಮೆ, ಮಲಗುವ ಮುನ್ನ ಒಮ್ಮೆ ಮೂಸಿ ಹಳೆಯ ಡೈರಿಯಲ್ಲಿ ಬರೆದಿಡುವುದು. ಮನೆಯವರು ನಕ್ಕರು. ನಗಲಿ! ನಾಲ್ಕನೆಯದಾಗಿ, ಹೋಲಿಕೆಗೆಂದು ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತದವರ ಶುದ್ಧ ಶ್ರೀಗಂಧದೆಣ್ಣೆಯ ಒಂದು ಸಣ್ಣ ಶೀಸೆಯನ್ನೂ ಇಟ್ಟುಕೊಂಡಿದ್ದೆ.

ಮೊದಲಿಗೆ 'ಸಾಂತಾಲ್ ದ ಮೈಸೋರ್'. ಹಚ್ಚಿದ ತಕ್ಷಣ ಬರುವುದು ಶ್ರೀಗಂಧವಲ್ಲ, ಅಡಿಗೆಮನೆ. ಜೀರಿಗೆ! ಸಾರಿನ ಪುಡಿಗೆಂದು ಮಸಾಲೆ ಹುರಿಯುವಾಗ ಜಗಲಿಯವರೆಗೆ ಬರುತ್ತದಲ್ಲ, ಅದೇ ಬಿಸಿ ಘಮ. ಅರ್ಧ ಗಂಟೆಯಲ್ಲಿ ಮಸಾಲೆ ಇಳಿದು ಬೆಲ್ಲ ಕಾಸಿದಂಥ ಸಿಹಿ, ಧೂಪದ ಅಂಟಿನಂಥ ಮಂದ ವಾಸನೆ ಏರುತ್ತದೆ. ಗಂಧ ಇರುವುದು ಅದರ ಅಡಿಯಲ್ಲಿ, ಬಾಗಿಲ ಮರೆಯಲ್ಲಿ ನಿಂತ ಹೊಸ ಹುಡುಗನ ಹಾಗೆ. ಫ್ರೆಂಚರಿಗೆ 'ಭಾರತ' ಎಂದರೆ ಮಸಾಲೆ ಮತ್ತು ಮರ ಒಟ್ಟಿಗೇ ನೆನಪಾಗುತ್ತದೆ ಎಂದು ಕಾಣುತ್ತದೆ. ತಣ್ಣನೆಯ ದೇಶದಲ್ಲಿ, ಉಣ್ಣೆಯ ಕೋಟಿನ ಮೇಲೆ ಇದು ಬೆಚ್ಚಗೆ, ಸೊಗಸಾಗಿ ಇದ್ದೀತು. ನಮ್ಮ ಏಪ್ರಿಲ್ ತಿಂಗಳಲ್ಲಿ ಬೆವರಿನ ಜೊತೆ ಸೇರಿದಾಗ ಜೀರಿಗೆ ಯಾವುದು ಬೆವರು ಯಾವುದು ತಿಳಿಯುವುದಿಲ್ಲ. ಒಳ್ಳೆಯ ಕೆಲಸಗಾರಿಕೆ, ಒಪ್ಪೋಣ. ಆದರೆ ಅದರಲ್ಲಿ ನನಗೆ ಮೈಸೂರು ಸಿಗಲಿಲ್ಲ.

ಎರಡನೆಯದು ಲೆ ಲಾಬೊದವರ 'ಸಾಂತಾಲ್ 33', 2011ರದ್ದು. ಲೋಕಪ್ರಸಿದ್ಧ ಅನ್ನಬಹುದು. 50 ಮಿಲಿಲೀಟರಿಗೆ ಇನ್ನೂರು ಡಾಲರಿಗಿಂತ ಹೆಚ್ಚು ಬೆಲೆ! ಏಲಕ್ಕಿಯಿಂದ ಶುರುವಾಗಿ, ಕೂಡಲೇ ಹೊಸ ಚರ್ಮದ ಚೀಲ, ಒಣಗಿದ ದೇವದಾರು. ಇದರಲ್ಲಿನ ಗಂಧ ಆಸ್ಟ್ರೇಲಿಯದ್ದೆಂದು ಅವರೇ ಹೇಳಿಕೊಳ್ಳುತ್ತಾರೆ. ಅಲ್ಲಿಯ ಕಾಡುಗಂಧ ಬೇರೆ ಜಾತಿ, ನಮ್ಮದಕ್ಕಿಂತ ಒಣ, ಸ್ವಲ್ಪ ಒರಟು. ಅಮೆರಿಕದಲ್ಲಿ ಹಲವರಿಗೆ ಇದು ಸಬ್ಬಸಿಗೆ ಹಾಕಿದ ಸೌತೆಕಾಯಿ ಉಪ್ಪಿನಕಾಯಿಯ ಹಾಗೆ ನಾರುತ್ತದಂತೆ. ಮೊದಲು ನನಗದು ತಮಾಷೆ ಅನಿಸಿತ್ತು. ಒಂದು ಗಂಟೆಯ ಮೇಲೆ ಮೂಸಿದಾಗ ಸಬ್ಬಸಿಗೆ ನಿಜಕ್ಕೂ ಅಲ್ಲಿತ್ತು! ಇದರ ದೊಡ್ಡ ಗುಣವೂ ದೊಡ್ಡ ದೋಷವೂ ಒಂದೇ: ಹೋಗುವುದೇ ಇಲ್ಲ. ಅಂಗಿ ಒಗೆದು ಒಣಹಾಕಿದ ಮೇಲೂ ಕಂಕುಳ ಬಳಿ ಇತ್ತು. ನಾನು ಕೋಣೆಗೆ ಬರುವ ಮೊದಲೇ ಅದು ಬಂದು ಕುಳಿತಿರುತ್ತದೆ. ತರಗತಿಯಲ್ಲಿ ಇನ್ನೊಬ್ಬ ಮಾಷ್ಟ್ರು ನನಗೆ ಬೇಡ.

ಡಿಪ್ಟೀಕ್‌ನ 'ಟ್ಯಾಮ್ ಡಾವೊ' 2003ರದ್ದು. ವಿಯೆಟ್ನಾಮಿನ ಬೆಟ್ಟವೊಂದರ ಹೆಸರು. ಮೈಸೂರಿನ ಹೆಸರು ಹೇಳದ ಈ ಶೀಸೆಯೇ ನನಗೆ ಹೆಚ್ಚು ಇಷ್ಟವಾದದ್ದು. ಹಚ್ಚಿದಾಗ ಬಡಗಿಯ ಉಳಿಯಡಿಯಿಂದ ಈಗಷ್ಟೇ ಎದ್ದ ಹೊಟ್ಟಿನ ವಾಸನೆ, ಸ್ವಲ್ಪ ಹಸಿಶುಂಠಿ. ಇಪ್ಪತ್ತು ನಿಮಿಷ ಕಳೆದರೆ ಮರ ಮೃದುವಾಗುತ್ತದೆ. ಎರಡನೇ ಗಂಟೆಗೆ ಸಾಣೆಕಲ್ಲಿನ ಮೇಲೆ ತೇದ ಗಂಧ ಹಣೆಯಲ್ಲಿ ಒಣಗುವಾಗ ಬರುವ ಆ ತಂಪು ಸ್ವಲ್ಪ ಹೊತ್ತು ಬಂತು. ಮೂರೂವರೆ ಗಂಟೆಗೆ ಮುಗಿಯಿತು. ದುಡ್ಡು ಕೊಟ್ಟವರು 'ಇಷ್ಟೇನಾ?' ಅಂದಾರು. ನನ್ನ ಮಟ್ಟಿಗೆ ಇದು ದೋಷವಲ್ಲ. ಬಂದ ಕೆಲಸ ಮುಗಿಸಿ ಎದ್ದು ಹೋಗುವ ನೆಂಟರನ್ನು ಯಾರು ಬೇಡವೆನ್ನುತ್ತಾರೆ?

ಇನ್ನು ಎಣ್ಣೆ. ಒಂದೇ ಹನಿ, ಮಣಿಕಟ್ಟಿಗೆ. ಮೊದಲ ಹತ್ತು ನಿಮಿಷ ಏನೂ ಇಲ್ಲ ಅನಿಸುತ್ತದೆ. ನಿಂಬೆಯಂಥ, ಏಲಕ್ಕಿಯಂಥ ಹಗುರ ಕಣಗಳು ಬೇಗ ಹಾರಿ ಮೂಗಿಗೆ ಬಡಿಯುತ್ತವೆ. ಶ್ರೀಗಂಧದ ಸ್ಯಾಂಟಲಾಲ್ ಎಂಬ ಕಣಗಳು ಭಾರ. ಮೈಯ ಬಿಸಿ ತಾಗಿ ನಿಧಾನ ಏಳುತ್ತವೆ. ಒಳ್ಳೆಯ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ನೂರಕ್ಕೆ 41ರಿಂದ 55, ಬೀಟಾ 16ರಿಂದ 24 ಇರಬೇಕೆಂದು ಅಂತಾರಾಷ್ಟ್ರೀಯ ಮಾನಕವೇ ಇದೆ. ಒಂದು ಗಂಟೆಯ ಮೇಲೆ ಹಾಲಿನ ಕೆನೆಯಂಥ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ ಕಂಪು ಎದ್ದಿತು. ಕೈ ಚಾಚಿದರೆ ಇಲ್ಲ, ಹತ್ತಿರ ತಂದರೆ ಇದೆ. ರಾತ್ರಿ ಮಲಗುವಾಗಲೂ ಇತ್ತು, ಬೆಳಿಗ್ಗೆಯೂ ಇತ್ತು. ಅಜ್ಜಿಯಂದಿರು ಸುರಗಿ ಹೂ ಒಣಗಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಮಲ್ಲಿಗೆ ಸಂಜೆ ಘಮಘಮಿಸಿ ಮರುದಿನ ಕಂದುತ್ತದೆ, ಸುರಗಿ ಒಣಗಿದ ಮೇಲೂ ಬಿಡುವುದಿಲ್ಲ. ಶ್ರೀಗಂಧ ಸುರಗಿಯ ಜಾತಿಯದ್ದು.

ಹಾಗಾದರೆ ಈ ದುಬಾರಿ ಶೀಸೆಗಳಲ್ಲಿ ಇದನ್ನೇ ಯಾಕೆ ತುಂಬುವುದಿಲ್ಲ? ಸಿಗಬೇಕಲ್ಲ! ಒಂದನೇ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಕೊರಡು ಕಳಿಸುವುದು ನಿಂತಾಗ ಮೈಸೂರು ಸರ್ಕಾರ ತಾನೇ ಎಣ್ಣೆ ತೆಗೆಯಲು ಹೊರಟು 1916ರಲ್ಲಿ ಕಾರ್ಖಾನೆ ತೆರೆಯಿತು. ಮುಂದಿನ ದಶಕಗಳಲ್ಲಿ 'ಮೈಸೂರು' ಎಂಬುದು ಸುಗಂಧದ ವ್ಯಾಪಾರದಲ್ಲಿ ಊರಿನ ಹೆಸರಿಗಿಂತ ಗುಣಮಟ್ಟದ ಹೆಸರಾಯಿತು. 1989ರಲ್ಲಿ ಗೆರ್ಲೇನ್ ಕಂಪನಿಯ 'ಸಂಸಾರ' ಬಂದಾಗ ಅದರಲ್ಲಿ ಧಾರಾಳವಾಗಿ ಶ್ರೀಗಂಧದೆಣ್ಣೆ ಇತ್ತೆಂಬುದು ಪ್ರಸಿದ್ಧ. ಆದರೆ ಮರ ಬೆಳೆಯುವ ವೇಗ ಬೇರೆ, ಕಡಿಯುವ ವೇಗ ಬೇರೆ. ತಿರುಳು ಕಟ್ಟಲು ಹತ್ತು ಹದಿನೈದು ವರ್ಷ ಬೇಕು, ಒಳ್ಳೆಯ ಎಣ್ಣೆಗೆ ಅದರ ಎರಡು ಪಾಲು. ಮೇಲಿಂದ ಸ್ಪೈಕ್ ರೋಗ, ಕಳ್ಳಸಾಗಣೆ. 1998ರಲ್ಲಿ ಶ್ರೀಗಂಧ ಜಾಗತಿಕವಾಗಿ ಅಪಾಯದಲ್ಲಿರುವ ಮರಗಳ ಪಟ್ಟಿ ಸೇರಿತು. ತನ್ನ ಹಿತ್ತಿಲಿನ ಗಂಧದ ಮರ ತನ್ನದೇ ಎನ್ನುವ ಹಕ್ಕು ಕರ್ನಾಟಕದ ರೈತನಿಗೆ ಸಿಕ್ಕಿದ್ದು 2001ರಲ್ಲಿ! ಅಲ್ಲಿಯವರೆಗೆ ಗಿಡ ಮೊಳೆತರೆ ಕಿತ್ತೆಸೆಯುವುದೇ ಜಾಣತನವಾಗಿತ್ತು. ನಮ್ಮ ಕೇರಳದಲ್ಲಿ ಇಡುಕ್ಕಿಯ ಮರಯೂರಿನ ಕಾಡು ಉಳಿದಿದೆ, ಅರಣ್ಯ ಇಲಾಖೆ ಕಾದು ಕುಳಿತಿದೆ. ಹೀಗಾಗಿ ಪರ್ಫ್ಯೂಮಿನವರು ಜಾವನಾಲ್, ಪಾಲಿಸ್ಯಾಂಟಾಲ್ ಎಂಬ ಪ್ರಯೋಗಶಾಲೆಯ ಗಂಧಗಳ ಕಡೆ ತಿರುಗಿದರು. ಅವು ಕಳಪೆಯೆಂದು ನಾನು ಹೇಳುವುದಿಲ್ಲ. ಕಾಡು ಉಳಿಯುವುದಾದರೆ ಒಳ್ಳೆಯದೇ ಆಯಿತು. ನನ್ನ ಆಕ್ಷೇಪ ಹೆಸರಿಗೆ ಮಾತ್ರ. ಜೀರಿಗೆ, ಧೂಪ ಮುಂದೆ ನಿಂತು ಗಂಧ ಹಿಂದೆ ನಿಂತ ಶೀಸೆಗೆ 'ಮೈಸೂರು' ಅಂದರೆ, ನಾಳೆ ನಮ್ಮ ಮಕ್ಕಳು ಮೈಸೂರಿನ ಗಂಧ ಅಂದರೆ ಇದೇ ಎಂದುಕೊಳ್ಳುತ್ತಾರೆ. ಈಗಲೇ ಏಳನೇ ತರಗತಿಯಲ್ಲಿ 'ಶ್ರೀಗಂಧದ ಪರಿಮಳ ಹೇಗಿರುತ್ತದೆ?' ಎಂದು ಕೇಳಿದರೆ 'ಊದುಬತ್ತಿ ಹಾಗೆ ಮಾಷ್ಟ್ರೇ' ಎಂಬ ಉತ್ತರವೇ ಹೆಚ್ಚು.

ಇಷ್ಟು ಬರೆದದ್ದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ತರಗತಿಗಳಿಗೂ ಇದಕ್ಕೂ ನೇರ ಸಂಬಂಧ. ಆಟಿ ತಿಂಗಳ ಮಳೆಗೆ ಕಿಟಕಿ ಮುಚ್ಚಿ ಮೂವತ್ತು ಮಕ್ಕಳನ್ನು ಕೂರಿಸಿದಾಗ, ಸೋಮವಾರ ಮೂರು ಮಕ್ಕಳು ಅಪ್ಪನ ಸೆಂಟು ಸುರಿದುಕೊಂಡು ಬಂದರೆ ಏನಾಗುತ್ತದೆ ಗೊತ್ತೇ? ಹಾಕಿಕೊಂಡವರಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುವುದು ನಿಲ್ಲುತ್ತದೆ. ಮೂಗು ಸದಾ ಇರುವ ವಾಸನೆಯನ್ನು ಮರೆಯುತ್ತದೆ. 'ಹೋಯಿತು' ಅಂದುಕೊಂಡು ಮತ್ತೆ ಒತ್ತುತ್ತಾರೆ. ಪಕ್ಕದವನಿಗೆ ಮಾತ್ರ ಅದು ಹೋಗಿರುವುದಿಲ್ಲ. ದಮ್ಮು ಇರುವ ಮಗು ಕೆಮ್ಮಲು ತೊಡಗುತ್ತದೆ.

ಅದಕ್ಕಿಂತ ಕೆಟ್ಟದ್ದು ಬೆಂಚಿನ ಲೆಕ್ಕ. ಸೆಂಟಿನ ಮಕ್ಕಳ ಪಕ್ಕ ಕೂರಲು ಪೈಪೋಟಿ, ಕಡಪ್ಪುರದಿಂದ ಬರುವ ಮೀನುಗಾರರ ಮಗುವಿನ ಪಕ್ಕ ಜಾಗ ಖಾಲಿ. 'ಮೀನು ಮಣಂ' ಎಂದು ಮಲಯಾಳದಲ್ಲಿ ಪಿಸುಮಾತು. ಕನ್ನಡದಲ್ಲಿ ಕಂಪು, ಘಮ, ಪರಿಮಳ, ತುಳುವಿನಲ್ಲಿ ಕಮ್ಮೆನ, ಇಷ್ಟು ಚಂದದ ಶಬ್ದಗಳಿರುವ ಮಕ್ಕಳು ಒಬ್ಬರನ್ನೊಬ್ಬರು ಮೂಸಿ ದರ್ಜೆ ಹಾಕುವುದಕ್ಕೆ ಭಾಷೆ ಬಳಸುವುದನ್ನು ಕೇಳಿ ಸುಮ್ಮನಿರಲು ನನ್ನಿಂದಾಗದು. ಬೆಳಗಿನ ಜಾವ ಅಪ್ಪನ ಬಲೆ ಬಿಡಿಸಿಕೊಟ್ಟು ಬಂದ ಹುಡುಗನ ಕೈಯ ವಾಸನೆ ದುಡಿಮೆಯದ್ದು. ಇನ್ನೂರು ಡಾಲರಿನದು ಅಪ್ಪನ ದುಡಿಮೆಯದ್ದೇ, ಮರುಭೂಮಿಯ ಬಿಸಿಲಿನದು. ಎರಡರಲ್ಲಿ ಒಂದು ನಾತ, ಒಂದು ಪರಿಮಳ ಎಂದು ತೀರ್ಪು ಕೊಡುವವರು ಯಾರು?

ಗಂಧದೆಣ್ಣೆಯ ಶೀಸೆಯನ್ನು ಒಂದು ದಿನ ತರಗತಿಗೆ ಒಯ್ದೆ. ಎಲ್ಲರ ಮಣಿಕಟ್ಟಿಗೂ ಕಡ್ಡಿಯ ತುದಿಯಷ್ಟು, ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ. ಸಂಜೆ ಬೆಲ್ಲಿಗೆ ಮೊದಲು ಮೂಸಿ ನೋಡಿ ಒಂದು ವಾಕ್ಯ ಬರೆಯಲು ಹೇಳಿದೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ! ಒಬ್ಬಳಿಗೆ ಹಾಲು, ಒಬ್ಬನಿಗೆ ಹಳೆಯ ಕಪಾಟು, ಇಬ್ಬರಿಗೆ ಏನೂ ಬರಲೇ ಇಲ್ಲ. ಶ್ರೀಗಂಧದ ಭಾರದ ಕಣಗಳು ಕೆಲವು ಮೂಗುಗಳಿಗೆ ತಾಗುವುದಿಲ್ಲ, ಅದು ಮೂಗಿನ ತಪ್ಪಲ್ಲ. ಕಡಪ್ಪುರದ ಹುಡುಗ ಬರೆದದ್ದು: 'ಬಲೆ ಒಣಗಿದ ಮೇಲೆ ದೋಣಿಯ ಮರ ಹೀಗೇ ಇರುತ್ತದೆ.' ಪಕ್ಕದ ಬೆಂಚಿನವರು ನಿಜವೇ ಎಂದು ನೋಡಲು ಅವನ ಕೈಯನ್ನೇ ಎಳೆದು ಮೂಸಿದರು.

ಗಲ್ಫಿನಲ್ಲಿರುವ ಪೋಷಕರಲ್ಲಿ ಒಂದು ವಿನಂತಿ. ಮುಂದಿನ ರಜೆಗೆ ಬರುವಾಗ ದೊಡ್ಡ ಬಾಟಲಿ ಬೇಡ, ಇಂಥ ಸ್ಯಾಂಪಲ್ ಶೀಸೆಗಳು ಸಿಕ್ಕಿದರೆ ಶಾಲೆಗೊಂದಿಷ್ಟು ಕೊಡಿ. ಊದ್, ಲೋಬಾನ, ಗುಲಾಬಿ ಯಾವುದಾದರೂ ಆಗಬಹುದು. ಓಮಾನಿನ ಧೋಫಾರಿನ ಲೋಬಾನ ಸಿಕ್ಕಿದರಂತೂ ನಮ್ಮ ಹಾಲುಮಡ್ಡಿಯ ಜೊತೆ ಇಟ್ಟು ಹೋಲಿಸುವ ಆಸೆಯಿದೆ.