ಜಿಡಿಪಿ ದರ ಇಳಿದರೆ ದೇಶ ದಿವಾಳಿಯೇ? ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

ಜಿಡಿಪಿ ಅಂಕಿ-ಅಂಶ ಬಿಡುಗಡೆಯಾದ ದಿನ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ‘ದೇಶ ದಿವಾಳಿಯಾಯಿತು’. ಇನ್ನೊಂದು, ‘ಏನೂ ಆಗಿಲ್ಲ, ಎಲ್ಲವೂ ಸುಳ್ಳು ಪ್ರಚಾರ’. ನಮಗೆ ತಿಳಿದಂತೆ ಎರಡೂ ಪೂರ್ತಿ ನಿಜವಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು 2019ರಲ್ಲಿ ಭಾರತದಲ್ಲಿ ಏನಾಯಿತು ಎಂದು ನೋಡೋಣ. ಆಗ ಹರಿದಾಡಿದ ವಾದಗಳೇ ಇಂದಿಗೂ ಹೊಸ ದಿನಾಂಕ ಹಚ್ಚಿಕೊಂಡು ಬರುತ್ತಿವೆ.

ತಪ್ಪು ಕಲ್ಪನೆ 1: ಬೆಳವಣಿಗೆ ದರ ಇಳಿದರೆ ಆರ್ಥಿಕತೆ ಕುಗ್ಗಿದಂತೆ

ಅಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದ ಬಸ್ಸು 40 ಕಿ.ಮೀ.ಗೆ ಇಳಿದರೂ ಮುಂದಕ್ಕೇ ಹೋಗುತ್ತಿರುತ್ತದೆ. ಇದು ಮಂದಗತಿ. ಬಸ್ಸು ರಿವರ್ಸ್ ಹೊಡೆದರೆ ಅದು ಹಿಂಜರಿತ. 2016–17ರಲ್ಲಿ ಶೇ 8ರ ಆಸುಪಾಸಿನಲ್ಲಿದ್ದ ಭಾರತದ ಬೆಳವಣಿಗೆ ದರ 2018–19ರಲ್ಲಿ ಸುಮಾರು ಶೇ 6.5ಕ್ಕೆ ಇಳಿಯಿತು. 2019–20ರ ದರ ಮೊದಲು ಶೇ 4.2 ಎಂದು ಪ್ರಕಟವಾಗಿ, ಪರಿಷ್ಕರಣೆಯ ನಂತರ ಶೇ 4ಕ್ಕಿಂತಲೂ ಕೆಳಗಿಳಿಯಿತು. ಇದು ಮಂದಗತಿ. ನಿಜವಾಗಿ ಆರ್ಥಿಕತೆ ಕುಗ್ಗಿದ್ದು ಕೊರೊನಾ ಲಾಕ್‌ಡೌನ್ ಇದ್ದ 2020–21ರಲ್ಲಿ.

ಹಾಗಾದರೆ ಮಂದಗತಿಯಿಂದ ಏನೂ ತೊಂದರೆ ಇಲ್ಲವೇ? ಇದೆ. ವರ್ಷಕ್ಕೆ ಶೇ 8ರಂತೆ ಬೆಳೆದರೆ ದೇಶದ ಆದಾಯ ಸುಮಾರು 9 ವರ್ಷಕ್ಕೆ ಎರಡು ಪಟ್ಟಾಗುತ್ತದೆ. ಶೇ 4ರಂತೆ ಬೆಳೆದರೆ ಅದಕ್ಕೆ 18 ವರ್ಷ ಬೇಕು. ಅಮೆರಿಕ, ಜಪಾನ್‌ನಂಥ ಶ್ರೀಮಂತ ದೇಶಗಳಿಗೆ ಶೇ 4 ಎಂದರೆ ಹಬ್ಬ. ಪ್ರತಿ ವರ್ಷ ಲಕ್ಷಾಂತರ ಯುವಕ-ಯುವತಿಯರು ಕೆಲಸ ಹುಡುಕಿಕೊಂಡು ಬರುವ ನಮ್ಮಂಥ ದೇಶಕ್ಕೆ ಅದು ಸಾಲದು. 2017–18ರ ಸರ್ಕಾರಿ ಸಮೀಕ್ಷೆಯಲ್ಲೇ ನಿರುದ್ಯೋಗ ಪ್ರಮಾಣ ಶೇ 6.1 ಇತ್ತು.

ತಪ್ಪು ಕಲ್ಪನೆ 2: ಜನ ಓಲಾ, ಊಬರ್ ಹತ್ತಿದ್ದರಿಂದ ವಾಹನ ಮಾರಾಟ ಬಿತ್ತು

2019ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ಕಾರಿನ ಕಂತು ಕಟ್ಟುವ ಬದಲು ಓಲಾ, ಊಬರ್ ಬಳಸುವ ಯುವಜನರ ಮನೋಭಾವವೂ ವಾಹನ ಕ್ಷೇತ್ರದ ಮೇಲೆ ಪರಿಣಾಮ ಬೀರಿದೆ ಎಂದಿದ್ದರು. ಬಿಎಸ್-6 ನಿಯಮದ ಬದಲಾವಣೆಯನ್ನೂ ಅವರು ಕಾರಣವಾಗಿ ಹೇಳಿದ್ದರು. ಆದರೆ ಫಾರ್ವರ್ಡ್‌ಗಳಲ್ಲಿ ಉಳಿದದ್ದು ಓಲಾ, ಊಬರ್ ಮಾತ್ರ.

ಲೆಕ್ಕ ನೋಡಿ. 2019ರ ಆಗಸ್ಟ್‌ನಲ್ಲಿ ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಪ್ರಯಾಣಿಕ ವಾಹನಗಳ ಮಾರಾಟ ಶೇ 31ಕ್ಕೂ ಹೆಚ್ಚು ಕುಸಿಯಿತು. ದ್ವಿಚಕ್ರ ವಾಹನಗಳದ್ದು ಸುಮಾರು ಶೇ 22, ಲಾರಿಯಂಥ ವಾಣಿಜ್ಯ ವಾಹನಗಳದ್ದು ಶೇ 38ಕ್ಕೂ ಹೆಚ್ಚು ಇಳಿಯಿತು. ಓಲಾ ಇದೆಯೆಂದು ಯಾರೂ ಲಾರಿ ಕೊಳ್ಳುವುದನ್ನು ಬಿಡುವುದಿಲ್ಲ!

ಕಾರಣ ಒಂದಲ್ಲ, ಹಲವು. 2018ರಲ್ಲಿ ಸುಮಾರು 90 ಸಾವಿರ ಕೋಟಿ ರೂಪಾಯಿ ಸಾಲವಿದ್ದ ಐಎಲ್&ಎಫ್ಎಸ್ ಸಂಸ್ಥೆ ಸಾಲ ಮರುಪಾವತಿಸಲಾಗದೆ ಕೈಚೆಲ್ಲಿತು. ಅದನ್ನು ಕಂಡು ಬ್ಯಾಂಕುಗಳು, ಮ್ಯೂಚುವಲ್ ಫಂಡ್‌ಗಳು ಇತರ ಬ್ಯಾಂಕೇತರ ಹಣಕಾಸು ಕಂಪನಿಗಳಿಗೂ ಹಣ ಕೊಡಲು ಹಿಂದೇಟು ಹಾಕಿದವು. ಸಣ್ಣ ಊರುಗಳಲ್ಲಿ ಬೈಕಿಗೆ, ಟ್ರ್ಯಾಕ್ಟರಿಗೆ, ಲಾರಿಗೆ ಸಾಲ ಕೊಡುತ್ತಿದ್ದವರು ಇಂಥ ಕಂಪನಿಗಳೇ. ಜೊತೆಗೆ ಹೊಸ ಬೈಕಿಗೆ 5 ವರ್ಷ, ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಕಟ್ಟುವುದು ಕಡ್ಡಾಯವಾಯಿತು. ಲಾರಿಗಳು ಹೊರಬಹುದಾದ ತೂಕದ ಮಿತಿ ಹೆಚ್ಚಿದ್ದರಿಂದ ಹೊಸ ಲಾರಿಯ ಅಗತ್ಯವೂ ಇಳಿಯಿತು. ಇವಕ್ಕೂ ಮೊದಲು, 2016ರ ನೋಟು ರದ್ದತಿ ಮತ್ತು 2017ರ ಜಿಎಸ್‌ಟಿ ಜಾರಿಯ ಹೊತ್ತಿನಲ್ಲಿ ಸಣ್ಣ ಉದ್ದಿಮೆಗಳು ಪೆಟ್ಟು ತಿಂದಿದ್ದವು. ಆ ಪೆಟ್ಟು ಎಷ್ಟು ದೊಡ್ಡದು ಎಂಬುದರಲ್ಲಿ ಅರ್ಥಶಾಸ್ತ್ರಜ್ಞರಲ್ಲೇ ಒಮ್ಮತವಿಲ್ಲ.

ತಪ್ಪು ಕಲ್ಪನೆ 3: ಆರ್‌ಬಿಐ ಬಡ್ಡಿ ಇಳಿಸಿದರೆ ಮರುದಿನವೇ ನಮ್ಮ ಕಂತು ಇಳಿಯುತ್ತದೆ

2019ರ ಫೆಬ್ರುವರಿಯಿಂದ ಅಕ್ಟೋಬರ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಐದು ಬಾರಿ ಕಡಿತಗೊಳಿಸಿ, ಶೇ 6.5ರಿಂದ ಶೇ 5.15ಕ್ಕೆ ತಂದಿತು. ಆದರೆ ವಸೂಲಾಗದ ಸಾಲದ ಭಾರದಲ್ಲಿದ್ದ ಬ್ಯಾಂಕುಗಳು ಆ ಲಾಭದ ಸ್ವಲ್ಪ ಭಾಗವನ್ನಷ್ಟೇ ಗ್ರಾಹಕರಿಗೆ ದಾಟಿಸಿದವು. ಹಾಗಾಗಿಯೇ 2019ರ ಅಕ್ಟೋಬರ್ 1ರಿಂದ, ಬದಲಾಗುವ ಬಡ್ಡಿಯ ಹೊಸ ಗೃಹ ಸಾಲ, ವಾಹನ ಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಬೇಕು ಎಂದು ಆರ್‌ಬಿಐ ಬ್ಯಾಂಕುಗಳಿಗೆ ಆದೇಶಿಸಿತು. ನಿಮ್ಮ ಗೃಹ ಸಾಲ ಅದಕ್ಕಿಂತ ಹಳೆಯದಾಗಿದ್ದರೆ, ಅದು ಯಾವ ದರಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ ನೋಡುವುದು ಒಳ್ಳೆಯದು.

ತಪ್ಪು ಕಲ್ಪನೆ 4: ಕಂಪನಿಗಳ ತೆರಿಗೆ ಇಳಿಸಿದರೆ ಉದ್ಯೋಗ ತಾನಾಗಿ ಬರುತ್ತದೆ

2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಾರ್ಪೊರೇಟ್ ತೆರಿಗೆಯನ್ನು ಶೇ 30ರಿಂದ ಶೇ 22ಕ್ಕೆ ಇಳಿಸಿತು. ಇತರ ವಿನಾಯಿತಿ ಬಿಟ್ಟುಕೊಡುವ ಕಂಪನಿಗಳಿಗೆ ಈ ದರ. ಹೊಸ ತಯಾರಿಕಾ ಕಂಪನಿಗಳಿಗೆ ಆಗ ಶೇ 15ರ ದರ ನಿಗದಿಯಾಗಿತ್ತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ತಪ್ಪುತ್ತದೆ ಎಂದು ಸರ್ಕಾರವೇ ಅಂದಾಜಿಸಿತ್ತು.

ಇದರ ಹಿಂದೆ ತರ್ಕವಿದೆ. ತೆರಿಗೆ ಕಡಿಮೆ ಇರುವ ಇತರ ಏಷ್ಯಾ ದೇಶಗಳಿಗೆ ಹೋಗುವ ಬಂಡವಾಳವನ್ನು ಇತ್ತ ಸೆಳೆಯಬಹುದು. ಆದರೆ ಆ ಫಲ ಸಿಗಲು ವರ್ಷಗಳು ಬೇಕು. ಆಗ ನಮ್ಮ ಕಾರ್ಖಾನೆಗಳು ತಮ್ಮ ಸಾಮರ್ಥ್ಯದ ಸುಮಾರು ಶೇ 70ರಷ್ಟನ್ನು ಮಾತ್ರ ಬಳಸುತ್ತಿದ್ದವು. ಇರುವ ಯಂತ್ರವೇ ಖಾಲಿ ನಿಂತಿರುವಾಗ ಮಾಲೀಕ ಹೊಸ ಯಂತ್ರ ಏಕೆ ತರುತ್ತಾನೆ? ಉಳಿದ ತೆರಿಗೆ ಹಣದಿಂದ ಸಾಲ ತೀರಿಸುತ್ತಾನೆ ಅಥವಾ ಷೇರುದಾರರಿಗೆ ಲಾಭಾಂಶ ಕೊಡುತ್ತಾನೆ. ಕೆಲವೇ ತಿಂಗಳಲ್ಲಿ ಕೊರೊನಾ ಬಂದಿದ್ದರಿಂದ ಈ ಕ್ರಮದ ಫಲವನ್ನು ಬೇರ್ಪಡಿಸಿ ಅಳೆಯುವುದೂ ಕಷ್ಟವಾಯಿತು.

ಹಾಗಾದರೆ ಔಷಧ ಯಾವುದು?

ಆರ್ಥಿಕತೆಯನ್ನು ಎಳೆಯುವ ಎತ್ತುಗಳು ನಾಲ್ಕು: ಜನರ ಖರೀದಿ, ಉದ್ಯಮಗಳ ಹೂಡಿಕೆ, ಸರ್ಕಾರದ ಖರ್ಚು ಮತ್ತು ರಫ್ತು. ಯಾವುದು ಕುಂಟುತ್ತಿದೆ ಎಂದು ನೋಡಿ ಔಷಧ ಕೊಡಬೇಕು. ಜನರ ಕೈಯಲ್ಲಿ ಹಣವಿಲ್ಲದಾಗ, ಸಿಕ್ಕ ಹಣವನ್ನು ಬೇಗ ಖರ್ಚು ಮಾಡುವವರಿಗೆ ಅದು ತಲುಪಿದರೆ ಅಂಗಡಿಗಳಲ್ಲಿ ವ್ಯಾಪಾರ ಚುರುಕಾಗುತ್ತದೆ. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ, ರೈತರಿಗೆ ವರ್ಷಕ್ಕೆ 6,000 ರೂಪಾಯಿ ಕೊಡುವ ಪಿಎಂ-ಕಿಸಾನ್, ರಸ್ತೆ-ನೀರಾವರಿ ಕಾಮಗಾರಿಗಳು ಈ ಬಗೆಯವು. ಅದಕ್ಕೂ ಬೆಲೆ ತೆರಬೇಕು. ಸರ್ಕಾರ ಮಿತಿಮೀರಿ ಸಾಲ ಮಾಡಿದರೆ ಬಡ್ಡಿಯ ಹೊರೆ ಹೆಚ್ಚುತ್ತದೆ, ಬೆಲೆಗಳೂ ಏರಬಹುದು. ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಇಲ್ಲ.

ಫಾರ್ವರ್ಡ್ ಒತ್ತುವ ಮುನ್ನ ಹೀಗೆ ಪರೀಕ್ಷಿಸಿ

• ಅಂಕಿ ಯಾವ ವರ್ಷದ್ದು, ಯಾವ ತ್ರೈಮಾಸಿಕದ್ದು ಎಂದು ಬರೆದಿದೆಯೇ?
• ಅದು ಮೊದಲ ಅಂದಾಜೋ, ಪರಿಷ್ಕೃತ ಅಂಕಿಯೋ?
• ಬೆಲೆ ಏರಿಕೆಯನ್ನು ಕಳೆದು ಹೇಳಿದ ದರವೋ, ಸೇರಿಸಿ ಹೇಳಿದ್ದೋ?
• ದರ ಇಳಿದಿದೆಯೋ, ಆರ್ಥಿಕತೆಯೇ ಕುಗ್ಗಿದೆಯೋ?
• ಇಡೀ ದೇಶದ ಸಮಸ್ಯೆಗೆ ಒಂದೇ ಕಾರಣ ಅಥವಾ ಒಬ್ಬರೇ ಹೊಣೆ ಎನ್ನುತ್ತಿದೆಯೇ?

ಇವಕ್ಕೆ ಉತ್ತರ ಸಿಗದ ಸಂದೇಶವನ್ನು ಫಾರ್ವರ್ಡ್ ಮಾಡದಿರುವುದೇ ಲೇಸು. ‘ದಿವಾಳಿ’ ಎಂಬ ಮಾತು ಸುಮ್ಮನೆ ಹೆದರಿಸುತ್ತದೆ, ‘ಏನೂ ಆಗಿಲ್ಲ’ ಎಂಬ ಮಾತು ಕೆಲಸ ಕಳೆದುಕೊಂಡವರ ಕಷ್ಟವನ್ನು ಮುಚ್ಚಿಹಾಕುತ್ತದೆ. ಎರಡರಲ್ಲೂ ಸರ್ಕಾರವನ್ನು ಕೇಳಬೇಕಾದ ನಿಜವಾದ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ: ಈ ಕ್ರಮದಿಂದ ಹಣ ಯಾರ ಕೈ ಸೇರುತ್ತದೆ, ಅವರು ಅದನ್ನು ಏನು ಮಾಡುತ್ತಾರೆ?